ಸೊಪ್ಪಿನಬೆಟ್ಟದಲ್ಲಿ ಒಂದು ರಾತ್ರಿ ಪತಂಗ ನೋಡಬೇಕು, ಹೇಗೆ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು. ಅಡಿಕೆ ತೋಟದ ಮೇಲ್ಗಡೆ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಇದೆ. ಪಿಯುಸಿ ಓದುವ ಮಗಳಿಗೆ ಪತಂಗಗಳ ಹುಚ್ಚು ಹಿಡಿದಿದೆ. ಒಂದು ರಾತ್ರಿ ಬೆಟ್ಟದ ಒಳಗೆ ಬಿಳಿ ಬಟ್ಟೆ ಕಟ್ಟಿ, ದೊಡ್ಡ ಮರ್ಕ್ಯುರಿ ಬಲ್ಬ್ ಹಾಕಿ ನೋಡಬೇಕು ಅಂತಾಳೆ. ಯಾವ ದೀಪ ತರಬೇಕು? ಯಾವ ತಿಂಗಳು ಒಳ್ಳೆಯದು? ಏನೇನು ಬರಬಹುದು? ಪತಂಗದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ ಅಂತ ನನ್ನ ಅಮ್ಮ ಹೆದರಿಸುತ್ತಿದ್ದಾರೆ, ನಿಜವಾ? ಇನ್ನೊಂದು ಅನುಮಾನ. ಹೀಗೆ ದೀಪ ಹಾಕಿದರೆ ಊರಿನ ಮೆಕ್ಕೆಜೋಳದ ಹುಳುಗಳನ್ನೆಲ್ಲ ನಾವೇ ಕರೆದು ಕೂರಿಸಿದ ಹಾಗೆ ಆಗುವುದಿಲ್ಲವೇ?

ಉತ್ತರ: ಮಗಳು ಹೇಳಿದ್ದರಲ್ಲಿ ಎರಡು ವಿಷಯ ಬದಲಾಯಿಸಿ. ದೊಡ್ಡ ಬಲ್ಬ್ ಬೇಡ. ಬೆಟ್ಟದ ಒಳಗೂ ಬೇಡ. ಸಣ್ಣ ದೀಪ ತೆಗೆದುಕೊಂಡು, ತೋಟ ಮುಗಿದು ಬೆಟ್ಟ ಶುರುವಾಗುವ ಅಂಚಿನಲ್ಲಿ ಕೂರಿ. ಆದರೆ ಸಂಜೆಯಿಂದ ಬೆಳಗಿನ ಜಾವದ ತನಕ ಪೂರ್ತಿ ಕೂರಿ. ಹೆಚ್ಚಿನವರು ಇದನ್ನೇ ಉಲ್ಟಾ ಮಾಡುತ್ತಾರೆ. ಕಣ್ಣು ಕುಕ್ಕುವ ದೀಪ ಹಾಕಿ, ಒಂಬತ್ತೂವರೆಗೆಲ್ಲ ಫೋಟೊ ತೆಗೆದುಕೊಂಡು ಊಟಕ್ಕೆ ಹೋಗುತ್ತಾರೆ. ನೋಡಬೇಕಾದವು ಅಷ್ಟರಲ್ಲಿ ಬಂದೇ ಇರುವುದಿಲ್ಲ.

ದೀಪ ಎಷ್ಟು ದೊಡ್ಡದಿದ್ದರೆ ಅಷ್ಟು ದೂರದಿಂದ ಪತಂಗ ಬರುತ್ತದೆ ಅಂತ ನಮಗೆ ಅನಿಸುತ್ತದೆ. ಹಾಗೇನೂ ಇಲ್ಲ. ಗುರುತು ಹಚ್ಚಿದ ಪತಂಗಗಳನ್ನು ಬಿಟ್ಟು ಮತ್ತೆ ಹಿಡಿದು ನೋಡಿದವರಿದ್ದಾರೆ. ಸಣ್ಣ ಟ್ಯೂಬ್ ದೀಪದ ಸೆಳೆತ ಹತ್ತಿಪ್ಪತ್ತು ಮೀಟರ್ ದೂರಕ್ಕೇ ಮುಗಿಯುತ್ತದೆ ಎಂದು ಅವರ ಲೆಕ್ಕ ಹೇಳುತ್ತದೆ. ನಿಮಗೆ ಇದು ಒಳ್ಳೆಯದೇ. ಬಟ್ಟೆಯ ಮೇಲೆ ಕೂತದ್ದು ಎಲ್ಲಿಂದಲೋ ತೇಲಿಬಂದದ್ದಲ್ಲ, ಹೆಚ್ಚಾಗಿ ಅಲ್ಲೇ ಆಸುಪಾಸಿನಲ್ಲಿ ಹಾರಾಡುತ್ತಿದ್ದದ್ದು ಎಂದು ಧೈರ್ಯವಾಗಿ ಬರೆದುಕೊಳ್ಳಬಹುದು. ಅಂಚಿನಲ್ಲಿ ಕೂರಿ ಎಂದದ್ದೂ ಇದಕ್ಕೇ. ಒಂದು ಕಡೆ ಮತ್ತಿ, ಹೊನ್ನೆ, ನೇರಳೆ, ತಾರೆ. ಇನ್ನೊಂದು ಕಡೆ ಅಡಿಕೆ, ಬಾಳೆ, ಕೆಸು, ಮೆಣಸಿನ ಬಳ್ಳಿ. ಎರಡೂ ಕಡೆಯ ಪತಂಗ ಒಂದೇ ಬಟ್ಟೆಗೆ ಬರುತ್ತವೆ.

ಅವು ದೀಪಕ್ಕೆ ಯಾಕೆ ಬರುತ್ತವೆ ಎಂದು ನೀವು ಕೇಳಿಲ್ಲ. ಮಗಳು ಕೇಳಿಯೇ ಕೇಳುತ್ತಾಳೆ. ನಮ್ಮ ಕವಿಗಳು ಅದನ್ನು ಪ್ರೇಮ ಎಂದರು. ಚಂದ್ರನನ್ನು ನೋಡಿ ದಾರಿ ಹಿಡಿಯುವ ಹುಳು ದೀಪವನ್ನೇ ಚಂದ್ರ ಎಂದುಕೊಳ್ಳುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟರು. 2024ರ ಜನವರಿಯಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆಯದೇ ಕಾರಣ ಹೇಳಿತು. ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತು ಸಂಗಡಿಗರು ಹೈಸ್ಪೀಡ್ ಕ್ಯಾಮೆರಾ ಇಟ್ಟು, ಹಾರುವ ಕೀಟಗಳ ಮೈ ಯಾವ ಕಡೆ ವಾಲುತ್ತದೆ ಎಂದು ನೋಡಿದರು. ಕೀಟಗಳು ದೀಪದ ಕಡೆಗೆ ನೇರವಾಗಿ ಹೋಗುತ್ತಲೇ ಇರಲಿಲ್ಲ. ಬೆನ್ನನ್ನು ಬೆಳಕಿಗೆ ತಿರುಗಿಸುತ್ತಿದ್ದವು. ಲಕ್ಷಾಂತರ ವರ್ಷ ರಾತ್ರಿಯಲ್ಲಿ ಬೆಳಕು ಇದ್ದದ್ದು ಆಕಾಶದ ಕಡೆ ಮಾತ್ರ ಅಲ್ವಾ? ಬೆಳಕಿಗೆ ಬೆನ್ನು ಕೊಟ್ಟರೆ ಮೈ ಸಮವಾಗಿದೆ ಎಂದರ್ಥ. ಪಕ್ಕದಲ್ಲಿ ದೀಪ ಉರಿದರೆ ಆ ಕಡೆಗೆ ಬೆನ್ನು ವಾಲುತ್ತದೆ, ಹಾರುವ ದಾರಿ ಬಾಗುತ್ತದೆ, ಸುತ್ತು ಶುರುವಾಗುತ್ತದೆ. ದೀಪ ಕೆಳಗಿದ್ದರೆ ಅಂಗಾತ ತಿರುಗಿ ದೊಪ್ಪೆಂದು ಬೀಳುತ್ತವೆ.

ಅಂದರೆ ನಾವು ಅವನ್ನು ಕರೆಯುತ್ತಿಲ್ಲ, ದಾರಿ ತಪ್ಪಿಸುತ್ತಿದ್ದೇವೆ. ನಾನು ಸಣ್ಣ ದೀಪದ ಪರ ಮಾತಾಡುವುದಕ್ಕೆ ಇದೂ ಒಂದು ಕಾರಣ. ಅದೇ ಅಧ್ಯಯನದಲ್ಲಿ ಈ ಬಲೆಗೆ ಬೀಳದ ಪತಂಗವೂ ಒಂದಿತ್ತು. ಕಣಗಿಲೆ ಹಾಕ್ ಮಾತ್, ಹಸಿರು ಮೈಯ ಮೇಲೆ ಬಿಳಿ-ಗುಲಾಬಿ ಪಟ್ಟೆಯದು. ಅದು ದೀಪದ ಮೇಲೆ ನೇರವಾಗಿ ಹಾರಿ ಹೋಯಿತಂತೆ. ಅದರ ಮರಿಹುಳು ನಮ್ಮ ಅಂಗಳದ ಕಣಗಿಲೆ, ನಂದಿಬಟ್ಟಲ ಎಲೆ ತಿಂದು ಬೆಳೆಯುತ್ತದೆ. ಗಿಡದಲ್ಲಿ ದಪ್ಪ ಹಸಿರು ಹುಳ ಕಂಡರೆ, ತಲೆಯ ಹಿಂದೆ ನೀಲಿ ಕಣ್ಣಿನಂಥ ಎರಡು ಗುರುತು ಇದ್ದರೆ ಅದೇ.

ಇನ್ನು ದೀಪ. ಹಳೆಯ ಕಾಲದಿಂದ ಬಳಕೆಯಲ್ಲಿರುವುದು 160 ವ್ಯಾಟ್ ಮರ್ಕ್ಯುರಿ ಬಲ್ಬ್. ಚೋಕ್ ಬೇಡ, ಹೋಲ್ಡರಿಗೆ ಸಿಕ್ಕಿಸಿದರೆ ಆಯಿತು. ಪತಂಗ ರಾಶಿ ಬೀಳುತ್ತವೆ ಎನ್ನುವುದು ನಿಜ. ಆದರೆ ಕೆಂಡದಂತೆ ಕಾಯುತ್ತದೆ. ಕಾದ ಗಾಜಿನ ಮೇಲೆ ಒಂದು ಮಳೆಹನಿ ಬಿದ್ದರೆ ಸಾಕು, ಠಪ್ ಎಂದು ಒಡೆಯುತ್ತದೆ. ಹೊರಗಿನ ಗಾಜು ಒಡೆದೂ ಒಳಗೆ ಉರಿಯುತ್ತಿದ್ದರೆ ಕಣ್ಣಿಗೆ ಅಪಾಯ. ಕರೆಂಟು ಹೋಗಿ ಬಂದರೆ ಬಲ್ಬ್ ತಣಿಯುವವರೆಗೆ ಮತ್ತೆ ಹತ್ತುವುದಿಲ್ಲ. ನಮ್ಮ ಮಲೆನಾಡಿನ ಕರೆಂಟಿಗೆ ಇದು ಹೊಂದುವ ಮಾತೇ ಅಲ್ಲ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದ ಬಂದ ಮೇಲೆ ಅಂಗಡಿಯಲ್ಲಿ ಸಿಗುವುದೂ ಕಡಿಮೆಯಾಗಿದೆ.

ನೀವು ಕೇಳಬೇಕಾದ್ದು 8 ಅಥವಾ 15 ವ್ಯಾಟಿನ ಬ್ಲ್ಯಾಕ್‌ಲೈಟ್ ಟ್ಯೂಬ್, ಇಲ್ಲವೇ 365 ನ್ಯಾನೊಮೀಟರ್ ಎಂದು ಬರೆದಿರುವ ಯುವಿ ಎಲ್‌ಇಡಿ. ಪತಂಗದ ಕಣ್ಣಿಗೆ ನೇರಳಾತೀತ (ಯುವಿ) ಬೆಳಕು ಚೆನ್ನಾಗಿ ಕಾಣುತ್ತದೆ, ನಮಗೆ ಕಾಣುವುದಿಲ್ಲ. ಹಾಗಾಗಿ ನಮಗೆ ಮಂಕಾಗಿ ಕಂಡ ದೀಪ ಅವಕ್ಕೆ ಧಾರಾಳ. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಇಡೀ ರಾತ್ರಿ ಓಡುತ್ತದೆ. ಅಗ್ಗಕ್ಕೆ ಸಿಗುವ 395 ನ್ಯಾನೊಮೀಟರ್ ಟಾರ್ಚು ನೋಟು ಪರೀಕ್ಷಿಸಲು ಸರಿ, ಇದಕ್ಕೆ ಅಷ್ಟಕ್ಕಷ್ಟೆ.

ಒಂದು ವಿಷಯದಲ್ಲಿ ಮಾತ್ರ ತುಂಬ ಹುಷಾರು. ಕೊರೊನಾ ಕಾಲದಲ್ಲಿ ಕ್ರಿಮಿ ಕೊಲ್ಲಲು ಅಂತ ಬಂದ ಯುವಿ-ಸಿ ಟ್ಯೂಬುಗಳು ಇನ್ನೂ ಮಾರಾಟಕ್ಕಿವೆ. 'ಯುವಿ ಲೈಟ್ ಕೊಡಿ' ಎಂದರೆ ಅದನ್ನೇ ಕೊಟ್ಟುಬಿಡಬಹುದು. ಅದರ ಎದುರು ಸ್ವಲ್ಪ ಹೊತ್ತು ಕೂತರೂ ಕಣ್ಣು ಉರಿದು ಊದಿಕೊಳ್ಳುತ್ತದೆ, ಚರ್ಮ ಸುಡುತ್ತದೆ. ಗುರುತಿಸುವುದು ಸುಲಭ. ಅದರ ಗಾಜು ಪಾರದರ್ಶಕ, ಒಳಗಿನದೆಲ್ಲ ಕಾಣುತ್ತದೆ. ಬ್ಲ್ಯಾಕ್‌ಲೈಟ್ ಟ್ಯೂಬ್ ಹಾಲುಬಿಳಿ ಇಲ್ಲವೇ ಕಡು ನೇರಳೆ. ಪಾರದರ್ಶಕ ಗಾಜಿನದು, 254 ಎಂದು ಬರೆದದ್ದು ಯಾವ ಕಾರಣಕ್ಕೂ ಬೇಡ. ಸರಿಯಾದ ದೀಪವೇ ಆದರೂ ದಿಟ್ಟಿಸಿ ನೋಡುತ್ತ ಕೂರಬಾರದು. ಮಾಮೂಲಿ ಕನ್ನಡಕ ಹಾಕಿಕೊಳ್ಳಲಿ.

ಯಾವಾಗ? ಸಾಗರದ ಕಡೆಯವರಿಗೆ ನನ್ನ ಮೊದಲ ಆಯ್ಕೆ ಹಸ್ತ, ಚಿತ್ತೆ ಮಳೆಯ ಕಾಲ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಪೂರ್ತಿ. ಮಳೆಗಾಲದ ಸೊಪ್ಪೆಲ್ಲ ತಿಂದು ಬೆಳೆದ ಮರಿಹುಳುಗಳು ರೆಕ್ಕೆ ಬಿಚ್ಚಿ ಹೊರಬರುವ ಹೊತ್ತು ಅದು. ಎರಡನೆಯದು ರೋಹಿಣಿ ಮಳೆ, ಮೇ ಕೊನೆ, ಅದೂ ಬೆಟ್ಟದಲ್ಲಲ್ಲ, ತೋಟದ ಬೇಲಿಯ ಒಳಗೆ. ಆದರೆ ಆಗ ಗೆದ್ದಲಿನ ಹಾತೆ ಏಳುತ್ತವೆ. ಹಾತೆ ಎದ್ದರೆ ಬಟ್ಟೆ ಕಾಣದ ಹಾಗೆ ಮುತ್ತುತ್ತವೆ. ದೀಪ ಆರಿಸಿ ಅರ್ಧ ಗಂಟೆ ಸುಮ್ನೆ ಕೂರುವುದೊಂದೇ ದಾರಿ. ಜುಲೈ ಕೊನೆಯ ವಾರದಲ್ಲಿ ಜಗತ್ತಿನ ಅನೇಕ ಕಡೆ ಪತಂಗ ಸಪ್ತಾಹ ನಡೆಯುತ್ತದೆ. 2012ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, ಈಗ ನಮ್ಮವರೂ ಉತ್ಸಾಹದಿಂದ ಮಾಡುತ್ತಾರೆ. ನಮ್ಮಲ್ಲಿ ಅದು ಧೋ ಎಂದು ಸುರಿಯುವ ಪುಷ್ಯ ಮಳೆ. ಮಗಳಿಗೆ ಅದರಲ್ಲಿ ಸೇರುವ ಆಸೆಯಿದ್ದರೆ ಬೆಟ್ಟದ ಯೋಚನೆ ಬಿಟ್ಟು, ಜಗಲಿಯ ಬಿಳಿ ಗೋಡೆಗೆ ದೀಪ ಬಿಡಲಿ. ಅದರಲ್ಲೂ ಬೇಕಾದಷ್ಟು ಸಿಗುತ್ತವೆ.

ಡಿಸೆಂಬರಿನಿಂದ ಮೇ ತನಕ ಬೆಟ್ಟ ಬೇಡ. ಇದನ್ನು ಸಲಹೆ ಎಂದಲ್ಲ, ಎಚ್ಚರಿಕೆ ಎಂದೇ ತಿಳಿಯಿರಿ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಿಮ್ಮ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದೇ ಕಾಯಿಲೆ ಹರಡಿ ಏನಾಯಿತು ಎಂದು ನಿಮಗೆ ನಾನು ಹೇಳಬೇಕಿಲ್ಲ. ಅದನ್ನು ಹರಡುವ ಉಣುಗಿನ ಮರಿಗಳು ಒಣ ತಿಂಗಳುಗಳಲ್ಲೇ ಜಾಸ್ತಿ, ಉದುರಿದ ಒಣ ಎಲೆಯ, ಅಂದರೆ ದರಕಿನ ಮೇಲೇ ಇರುತ್ತವೆ. ಪತಂಗ ನೋಡುವುದು ಎಂದರೆ ರಾತ್ರಿಯಿಡೀ ನೆಲದ ಮೇಲೆ ಕೂತು, ಮಂಡಿಯೂರಿ, ಬಗ್ಗಿ ನೋಡುವ ಕೆಲಸ. ಉಣುಗಿಗೆ ಇದಕ್ಕಿಂತ ಅನುಕೂಲ ಬೇಕಾ? ಬೇರೆ ತಿಂಗಳಲ್ಲೂ ಪೂರ್ತಿ ತೋಳಿನ ಅಂಗಿ, ಸಾಕ್ಸಿನೊಳಗೆ ಸೇರಿಸಿದ ಪ್ಯಾಂಟು ಇರಲಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ನೆಲದ ಮೇಲೆ ಕೂರುವ ಬದಲು ಸ್ಟೂಲು ಒಯ್ಯಿರಿ. ಬೆಳಿಗ್ಗೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಉಂಬಳದ ವಿಚಾರ ನಿಮಗೇ ಗೊತ್ತು.

ತಿಂಗಳು ಆಯಿತು, ತಿಥಿ? ಹುಣ್ಣಿಮೆಯ ಹತ್ತಿರ ಬೇಡ. ಬೆಳದಿಂಗಳಲ್ಲಿ ದೀಪಕ್ಕೆ ಬರುವುದು ತೀರಾ ಕಡಿಮೆ. ಅಮಾವಾಸ್ಯೆಯ ಆಸುಪಾಸು ಒಳ್ಳೆಯದು. ಮಹಾಲಯ ಅಮಾವಾಸ್ಯೆ ಇದಕ್ಕೆ ಹೇಳಿ ಮಾಡಿಸಿದ ರಾತ್ರಿ. ಆದರೆ ಅವತ್ತು ಬೆಟ್ಟದ ಕಡೆ ಹೋಗುತ್ತೇನೆ ಎಂದರೆ ನಿಮ್ಮ ಅಮ್ಮ ಬಿಡುವುದು ಅನುಮಾನ. ಹಿಂದೆ ಮುಂದೆ ನಾಲ್ಕು ದಿನವಾದರೂ ನಡೆಯುತ್ತದೆ. ಮೋಡ ಕವಿದು, ಗಾಳಿಯಿಲ್ಲದೆ, ಮೈಗೆ ಅಂಟುವಂತೆ ಸೆಖೆ ಇದ್ದರೆ ಆ ರಾತ್ರಿ ಬಿಡಲೇಬೇಡಿ. ತುಂತುರು ಹನಿದರೂ ಪರವಾಗಿಲ್ಲ. ಆಕಾಶ ಶುಭ್ರವಾಗಿ ಚಳಿ ಬಿದ್ದ ರಾತ್ರಿ ನಕ್ಷತ್ರ ನೋಡಲು ಚೆಂದ, ಪತಂಗಕ್ಕಲ್ಲ.

ಹೊರಡುವ ಮುಂಚೆ ಒಂದು ಕೆಲಸ ಇದೆ. ಸೊಪ್ಪಿನಬೆಟ್ಟದ ಮೇಲೆ ನಿಮಗೆ ಸೊಪ್ಪು, ದರಕು ತರುವ ಹಕ್ಕು ಇರುತ್ತದೆ. ಜಾಗ ಸರ್ಕಾರದ್ದು. ನಿಮ್ಮ ಬೀಟಿನ ಅರಣ್ಯ ರಕ್ಷಕರಿಗೆ ಮುಂಚೆಯೇ ಹೇಳಿ, ಒಪ್ಪಿದ ಮೇಲೆ ಹೋಗಿ. ರಾತ್ರಿ ಬೆಟ್ಟದಲ್ಲಿ ದೀಪ ಕಂಡರೆ ಊರವರಿಗೂ ಇಲಾಖೆಯವರಿಗೂ ಮೊದಲು ಬರುವ ಯೋಚನೆ ಶಿಕಾರಿ, ಇಲ್ಲವೇ ಕಳ್ಳ ನಾಟಾ. ಅಕ್ಕಪಕ್ಕದ ಮನೆಗೂ ಒಂದು ಮಾತು ಹಾಕಿಡಿ. ಶರಾವತಿ ಕಣಿವೆಯ ಅಭಯಾರಣ್ಯದ ಗಡಿಯೊಳಗಾದರೆ ಬಾಯಿಮಾತು ಸಾಲದು, ಲಿಖಿತ ಅನುಮತಿ ಬೇಕೇ ಬೇಕು. ಅನುಮತಿ ರಗಳೆ ಅನಿಸಿದರೆ ತೋಟದ ಬೇಲಿಯ ಒಳಗೇ, ಬೆಟ್ಟಕ್ಕೆ ಮುಖ ಮಾಡಿ ಬಟ್ಟೆ ಕಟ್ಟಿ. ನಾನಾಗಿದ್ದರೆ ಮೊದಲ ರಾತ್ರಿ ಹೀಗೇ ಮಾಡುತ್ತೇನೆ.

ಬಟ್ಟೆ ಹಳೆಯ ಬಿಳಿ ಪಂಚೆಯಾದರೂ ಸರಿ, ಹಾಸಿಗೆಯ ಚಾದರವಾದರೂ ಸರಿ. ಡಿಟರ್ಜೆಂಟಿನಲ್ಲಿ ಒಗೆದ ಬಿಳಿ ಬಟ್ಟೆ ಯುವಿ ಬೆಳಕಿಗೆ ತಾನೇ ಹೊಳೆಯುತ್ತದೆ, ಅದು ಲಾಭವೇ. ಎರಡು ಮರಕ್ಕೆ ಹಗ್ಗ ಬಿಗಿದು ಬಟ್ಟೆ ಇಳಿಬಿಡಿ. ಕೆಳಗಿನ ಒಂದು ಮೊಳ ನೆಲದ ಮೇಲೆ ಹಾಸಿರಲಿ, ಬಿದ್ದ ಹುಳು ಹುಲ್ಲಿನಲ್ಲಿ ಕಳೆದುಹೋಗುವುದಿಲ್ಲ, ನಿಮ್ಮ ಕಾಲಿಗೂ ಸಿಗುವುದಿಲ್ಲ. ದೀಪವನ್ನು ಎದೆಯ ಎತ್ತರಕ್ಕೆ, ಬಟ್ಟೆಯಿಂದ ಒಂದಡಿ ಮುಂದೆ ತೂಗುಹಾಕಿ. ಪಕ್ಕದ ಗಿಡಗಳಲ್ಲಿ ಮೂರು-ನಾಲ್ಕು ಖಾಲಿ ಮೊಟ್ಟೆ ಟ್ರೇ ಸಿಕ್ಕಿಸಿ. ಬೆಳಕು ಒಲ್ಲದವು ಅದರ ಗುಳಿಗಳಲ್ಲಿ ಹೋಗಿ ತಣ್ಣಗೆ ಕೂರುತ್ತವೆ. ಮನೆಯಿಂದ ವೈರ್ ಎಳೆದು ಹಸಿ ನೆಲದ ಮೇಲೆ ಬಿಡುವುದು ಮಾತ್ರ ಬೇಡ. ಬ್ಯಾಟರಿ ಇರಲಿ.

ಈಗ ರಾತ್ರಿ. ಕತ್ತಲಾಗುವ ಮುಂಚೆ, ದೀಪ ಹಚ್ಚುವ ಮೊದಲೇ ಅಂಗಳದ ಸಂಜೆಮಲ್ಲಿಗೆ ಗಿಡದ ಹತ್ತಿರ ನಿಲ್ಲಿ. ಹೂವಿನ ಮುಂದೆ ಗಾಳಿಯಲ್ಲೇ ನಿಂತು ಉದ್ದ ಸೊಂಡಿಲು ಚಾಚುವ ಹಾಕ್ ಮಾತ್ ಕಾಣಬಹುದು. ಅವುಗಳಲ್ಲಿ ಕೆಲವದರ ಮರಿಹುಳು ಕೆಸುವಿನ ಎಲೆ ತಿನ್ನುತ್ತದೆ. ಪತ್ರೊಡೆಗೆಂದು ಬಿಟ್ಟ ಎಲೆ ಒಂದೇ ರಾತ್ರಿಗೆ ಕಡ್ಡಿಯಾಗಿದ್ದರೆ ಬೈಯುವ ಮುಂಚೆ ಎಲೆಯಡಿ ಒಮ್ಮೆ ನೋಡಿ.

ಏಳರಿಂದ ಒಂಬತ್ತರ ತನಕ ಸಣ್ಣಪುಟ್ಟವುಗಳ ಸಂತೆ. ತ್ರಿಕೋನದಂತೆ ರೆಕ್ಕೆ ಮಡಚಿ ಕೂರುವ ಬೆರಳುಗುರಿನಷ್ಟು ದೊಡ್ಡವು. ರೆಕ್ಕೆಯನ್ನು ಬಟ್ಟೆಗೆ ಅಂಟಿಸಿದಂತೆ ಚಪ್ಪಟೆಯಾಗಿ ಹರಡಿ ಕೂರುವ ಜಿಯೊಮೆಟ್ರಿಡ್‌ಗಳು. ಮೊಳ ಹಾಕುತ್ತ ನಡೆಯುವ ಹುಳ ನೋಡಿದ್ದೀರಲ್ಲ, ಅವೇ ಬೆಳೆದು ಆಗುವ ಪತಂಗಗಳು ಇವು. ಕೆಲವು ಎಳೆ ಹಸಿರು, ಕೆಲವು ಮರದ ಪಾಚಿಯ ಬಣ್ಣ. ಹೆಸರು ಹಚ್ಚುವುದು ಇವುಗಳಲ್ಲೇ ಕಷ್ಟ, ಅದಕ್ಕೇ ಜನ ಇವನ್ನು ಬಿಟ್ಟುಬಿಡುತ್ತಾರೆ. ಮಗಳು ಬಿಡದಿರಲಿ. ನಮ್ಮ ದೇಶದಲ್ಲಿ ಚಿಟ್ಟೆಗಳು 1,300ಕ್ಕೂ ಹೆಚ್ಚು ಬಗೆಯಾದರೆ ಪತಂಗಗಳು ಹತ್ತು ಸಾವಿರಕ್ಕೂ ಹೆಚ್ಚು. ಆ ಹತ್ತು ಸಾವಿರದಲ್ಲಿ ಬಹುಪಾಲು ಇಂಥ ಸಣ್ಣವೇ. ಹೊಸದಾಗಿ ಏನಾದರೂ ಸಿಗುವುದಿದ್ದರೆ ಇಲ್ಲೇ ಸಿಗುತ್ತದೆ.

ಒಂಬತ್ತರ ನಂತರ ಮೈ ದಪ್ಪಗಿರುವವು ಬರುತ್ತವೆ. ಅತ್ತಿಮರ ಹತ್ತಿರದಲ್ಲಿದ್ದರೆ ಅರಿಶಿನ ಬಣ್ಣದ ಹಿಂದಿನ ರೆಕ್ಕೆಯಲ್ಲಿ ಕಪ್ಪು ಚುಕ್ಕಿಯಿರುವ ಅಸೋಟಾ ಗ್ಯಾರಂಟಿ. ಕ್ರಿಯಾಟೊನೋಟಸ್ ಎಂಬ ಟೈಗರ್ ಮಾತ್ ಕೂಡ ಬರಬಹುದು. ಮಣ್ಣುಬಣ್ಣದ ರೆಕ್ಕೆಯಲ್ಲಿ ಕಪ್ಪು ಗೀಟು, ಕೆಂಪು ಹೊಟ್ಟೆ. ಗಂಡು ತನ್ನ ಹಿಂಭಾಗದಿಂದ ಕೂದಲು ತುಂಬಿದ ನಾಲ್ಕು ಕೊಳವೆ ಉಬ್ಬಿಸುತ್ತದೆ. 'ಬೇರೆ ಗ್ರಹದ ಜೀವಿ' ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ವಿಡಿಯೊ ಇದರದ್ದೇ. ಹೆಣ್ಣನ್ನು ಕರೆಯಲು ವಾಸನೆ ಹರಡುವ ಅಂಗ, ಅಷ್ಟೇ.

ಈ ಹೊತ್ತಿಗೆ ಬಾವಲಿಗಳೂ ಬಂದಿರುತ್ತವೆ. ಮಗಳಿಗೆ ಒಂದು ಆಟ ಹೇಳಿಕೊಡಿ. ಮನೆಯ ಬೀಗದಕೈ ಗೊಂಚಲನ್ನು ದೀಪದ ಹತ್ತಿರ ಜೋರಾಗಿ ಅಲ್ಲಾಡಿಸಲಿ. ಹಾರುತ್ತಿದ್ದ ಕೆಲವು ಪತಂಗಗಳು ಗಕ್ಕನೆ ದಿಕ್ಕು ಬದಲಿಸುತ್ತವೆ, ಕೆಲವು ನೆಲಕ್ಕೆ ಬೀಳುತ್ತವೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದಾಗ ನಮಗೆ ಕೇಳಿಸದ ಎತ್ತರದ ಸದ್ದೂ ಹೊರಡುತ್ತದೆ. ಬಾವಲಿಯ ಕೂಗೂ ಅದೇ ಎತ್ತರದ್ದು. ಅನೇಕ ಪತಂಗಗಳಿಗೆ ಅದನ್ನು ಕೇಳುವ ಕಿವಿ ಇದೆ. ಟೈಗರ್ ಮಾತ್‌ಗಳಲ್ಲಿ ಕೆಲವು ಕೇಳಿಸಿಕೊಂಡು ಸುಮ್ಮನಿರುವುದಿಲ್ಲ, ತಾವೇ ಟಿಕ್ ಟಿಕ್ ಎಂದು ಅಂಥದೇ ಸದ್ದು ಮಾಡುತ್ತವೆ. ತಿಂದರೆ ಕಹಿ ಎಂದು ಬಾವಲಿಗೆ ಹೇಳುವ ರೀತಿ ಅದು. ಆಟ ಒಂದೆರಡು ಸಲಕ್ಕೆ ಸಾಕು.

ಹನ್ನೊಂದರಿಂದ ಹನ್ನೆರಡೂವರೆ ತನಕ ಬರುವುದು ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಕೂತವರೂ ಎದ್ದು ಹೋಗುವುದು ಇದೇ ಹೊತ್ತಿಗೆ. ನೀವು ಒಂದು ಸುತ್ತು ಕಾಫಿ ಕುಡಿದು, ಟಾರ್ಚ್ ಹಿಡಿದು ಬೆಲ್ಲದ ಮರಗಳನ್ನು ನೋಡಿ ಬನ್ನಿ. ಅದೇನು ಎಂದರೆ, ಕಳಿತ ಬಾಳೆಹಣ್ಣು, ಬೆಲ್ಲ, ಸಿಕ್ಕರೆ ಸ್ವಲ್ಪ ಬಿಯರ್ ಹಾಕಿ ಕಲಸಿ ಒಂದು ದಿನ ಹುಳಿ ಬರಿಸಬೇಕು. ಸಂಜೆ ನಾಲ್ಕಾರು ಮರದ ಕಾಂಡಕ್ಕೆ, ಕಣ್ಣಿನ ಎತ್ತರದಲ್ಲಿ ಬಳಿದಿಡಬೇಕು. ದೀಪಕ್ಕೆ ಅಷ್ಟಾಗಿ ಬರದವು ಇಲ್ಲಿಗೆ ಬರುತ್ತವೆ. ರೆಕ್ಕೆಯ ಮೇಲೆ ಗೂಬೆಗಣ್ಣು ಇರುವ ಕಂದು ಬಣ್ಣದ ದೊಡ್ಡ ಎರೆಬಸ್, ಕೆಲವೊಮ್ಮೆ ಮನೆಯ ಒಳಗೂ ಬಂದು ಮೂಲೆಯಲ್ಲಿ ಕೂರುತ್ತದಲ್ಲ, ಅದು. ಹಣ್ಣು ಚುಚ್ಚುವ ಯುಡೋಸಿಮಾ ಕೂಡ. ಇದರ ಸೊಂಡಿಲಿನ ತುದಿ ಗಟ್ಟಿ, ಕಿತ್ತಳೆಯ ಸಿಪ್ಪೆಯನ್ನೇ ತೂತು ಮಾಡಿ ರಸ ಹೀರುತ್ತದೆ. ಆ ತೂತಿನಿಂದ ಹಣ್ಣು ಕೊಳೆತು ಉದುರುತ್ತದೆ. ಕೊಡಗಿನ ಕಿತ್ತಳೆ ಬೆಳೆಗಾರರಿಗೆ ಇದು ಹಳೆಯ ಶತ್ರು. ಮರಿಹುಳು ಬೆಳೆಯುವುದು ಕಿತ್ತಳೆಯ ಮೇಲಲ್ಲ, ಬೇಲಿಯ ಅಮೃತಬಳ್ಳಿಯ ಮೇಲೆ. ತೋಟದವರು ಔಷಧಿ ಹೊಡೆಯುವುದು ಒಂದು ಕಡೆ, ಹುಳು ಹುಟ್ಟುವುದು ಇನ್ನೊಂದು ಕಡೆ.

ಒಂದು ಗಂಟೆ ದಾಟಿದ ಮೇಲೆ ಮತ್ತೆ ಬಟ್ಟೆಯ ಮುಂದೆ ಕೂರಿ. ದೊಡ್ಡ ರೇಷ್ಮೆ ಪತಂಗಗಳ ಗಂಡುಗಳು ಸಾಮಾನ್ಯವಾಗಿ ಈಗ ಬರುತ್ತವೆ. ಮತ್ತಿಮರ ಇದೆ ಎಂದಾದರೆ ಟಸರ್ ಪತಂಗದ ಆಸೆ ಇಟ್ಟುಕೊಳ್ಳಬಹುದು. ರೆಕ್ಕೆಗೊಂದು ಗಾಜಿನ ಕಿಟಕಿಯಂಥ ಕಣ್ಣು ಇರುತ್ತದೆ. ಎಳೆ ಹಸಿರು ಮೈಯ, ಉದ್ದ ಬಾಲ ಬಿಟ್ಟ ಚಂದ್ರ ಪತಂಗ ಬಂದರೆ ಆ ರಾತ್ರಿ ನಿಮ್ಮದು. ಹಾರುವಾಗ ತಿರುಚುವ ಆ ಬಾಲಗಳು ಬಾವಲಿಯ ಗುರಿಯನ್ನು ಮೈಯಿಂದ ಬಾಲದ ಕಡೆಗೆ ಎಳೆಯುತ್ತವೆ ಎಂದು ಇದರ ಅಮೆರಿಕದ ನೆಂಟ ಲೂನಾ ಮಾತ್ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಹರಿದ ಬಾಲದ ಚಂದ್ರ ಪತಂಗ ಕಂಡರೆ ಬೇಜಾರು ಬೇಡ, ಬಾಲ ಕೊಟ್ಟು ಜೀವ ಉಳಿಸಿಕೊಂಡದ್ದಿರಬಹುದು. ಅಟ್ಲಾಸ್ ಪತಂಗ ನಮ್ಮ ಘಟ್ಟಗಳಲ್ಲಿ ಇರುವುದು ಅಟಾಕಸ್ ಟಾಪ್ರೊಬಾನಿಸ್ ಎಂಬ ಬಗೆ. ರೆಕ್ಕೆ ಹರಡಿದರೆ ಹೆಚ್ಚುಕಡಿಮೆ ಒಂದು ಗೇಣು. ಇವ್ಯಾವಕ್ಕೂ ಉಣ್ಣುವ ಬಾಯಿಯೇ ಇಲ್ಲ. ಮರಿಹುಳುವಾಗಿದ್ದಾಗ ತಿಂದ ಸೊಪ್ಪಿನ ಶಕ್ತಿಯಲ್ಲೇ ವಾರವೋ ಹತ್ತು ದಿನವೋ ಬದುಕಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತವೆ. ಅಂಥ ಒಂದು ಗಂಡು ನಿಮ್ಮ ದೀಪಕ್ಕೆ ಬಂದು ರಾತ್ರಿಯಿಡೀ ಬಟ್ಟೆ ಬಡಿದರೆ ಅದರ ಬದುಕಿನಲ್ಲಿ ದೊಡ್ಡ ಪಾಲೇ ಹೋದಂತೆ. ಫೋಟೊ ತೆಗೆದು, ರಟ್ಟಿನ ಪೆಟ್ಟಿಗೆಯಲ್ಲಿ ದೂರ ಒಯ್ದು, ಕತ್ತಲಲ್ಲಿ ಬಿಟ್ಟುಬಿಡಿ.

ನಿಮ್ಮ ಅಮ್ಮನ ಮಾತಿಗೆ ಬರುತ್ತೇನೆ. ರೆಕ್ಕೆಯ ಪುಡಿ ಎಂದರೆ ಸಣ್ಣ ಹುರುಪೆಗಳು, ಅಷ್ಟೇ. ಅದರಿಂದ ಕಣ್ಣು ಹೋಗುವುದಿಲ್ಲ. ಕಣ್ಣಿಗೆ ಬಿದ್ದರೆ ಧೂಳು ಬಿದ್ದಾಗಿನಂತೆ ಉಜ್ಜದೆ ತೊಳೆಯಿರಿ. ಹಾಗಂತ ಅವರ ಭಯ ಪೂರ್ತಿ ಸುಳ್ಳೂ ಅಲ್ಲ. ಕಂಬಳಿ ಹುಳದಿಂದ ಆಗುವ ಕೆಲವು ಪತಂಗಗಳ ಹೊಟ್ಟೆಯ ತುದಿಯಲ್ಲಿ ನವೆ ಬರಿಸುವ ಕೂದಲು ಇರುತ್ತವೆ. ಮೈ ತುಂಬ ಕೂದಲಿರುವ ದಪ್ಪ ಪತಂಗವನ್ನು ಕೈಯಿಂದ ಹಿಡಿಯುವುದು ಬೇಡ ಎಂಬ ನಿಯಮ ಇಟ್ಟುಕೊಂಡರೆ ಸಾಕು. ನಾನು ಜಾಸ್ತಿ ಹೆದರುವುದು ಪತಂಗವಲ್ಲದ ಒಂದು ಹುಳಕ್ಕೆ. ಇರುವೆಯ ಆಕಾರ, ಕೆಂಪು-ಕಪ್ಪು ಪಟ್ಟೆ, ಅರ್ಧ ಇಂಚಿಗೂ ಕಡಿಮೆ ಉದ್ದ. ಪಿಡೆರಸ್ ಎನ್ನುವ ಈ ದುಂಬಿ ದೀಪಕ್ಕೆ ಬರುತ್ತದೆ, ಕಚ್ಚುವುದಿಲ್ಲ. ಆದರೆ ಕತ್ತಿನ ಮೇಲೆ ಹರಿದಾಗ ನಾವು ಉಜ್ಜಿ ಕೊಂದರೆ, ಅದರ ರಸ ತಾಗಿದಲ್ಲೆಲ್ಲ ಗೀಟು ಎಳೆದಂತೆ ಸುಟ್ಟ ಗುಳ್ಳೆ ಏಳುತ್ತದೆ. ಊದಿ ಓಡಿಸಬೇಕು. ತಾಗಿದರೆ ಕೂಡಲೇ ಸೋಪು ಹಾಕಿ ತೊಳೆಯಬೇಕು. ಕಣಜ ಬಂದರೆ ದೀಪ ಆರಿಸಿ ದೂರ ಸರಿಯಿರಿ. ಬಟ್ಟೆಯ ಬುಡಕ್ಕೆ ಕಪ್ಪೆ ಬಂದು ಕೂತೇ ಕೂರುತ್ತವೆ, ಅವುಗಳ ಹಿಂದೆ ಹಾವೂ ಬರಬಹುದು. ಟಾರ್ಚ್ ಬಿಡದೆ ಹೆಜ್ಜೆ ಇಡಬಾರದು.

ಬೆಳಗಿನ ಜಾವ ನಾಲ್ಕೂವರೆಗೆ ದೀಪ ಆರಿಸಿ. ಇದನ್ನು ಮರೆತವರ ಬಟ್ಟೆಯ ಮೇಲೆ ಬೆಳಿಗ್ಗೆ ಉಳಿಯುವುದು ಬರೀ ರೆಕ್ಕೆ. ಪಿಕಳಾರ, ಮಡಿವಾಳ ಹಕ್ಕಿ, ಕಾಜಾಣ ಬಹಳ ಬೇಗ ಕಲಿಯುತ್ತವೆ. ಬೆಳಕು ಹರಿಯುವ ಮೊದಲೇ ಬಟ್ಟೆಯನ್ನು ಮೆಲ್ಲಗೆ ಪೊದೆಯ ಮೇಲೆ ಕೊಡವಿ, ಮೊಟ್ಟೆ ಟ್ರೇಗಳನ್ನು ಪೊದೆಯೊಳಗೆ ಬಿಟ್ಟು ಸಂಜೆ ತನ್ನಿ. ಒಂದೇ ಜಾಗದಲ್ಲಿ ದಿನಾ ದೀಪ ಹಾಕಬೇಡಿ. ತಿಂಗಳಿಗೊಂದು ರಾತ್ರಿ ಸಾಕು, ಆದರೆ ಅದೇ ಜಾಗ, ಅದೇ ದೀಪ ಇರಲಿ. ಹಾಗಿದ್ದರೆ ಅಕ್ಟೋಬರಿನ ಪಟ್ಟಿಯನ್ನು ಮುಂದಿನ ಅಕ್ಟೋಬರಿನ ಜೊತೆ ಇಟ್ಟು ನೋಡಬಹುದು.

ಹೆಸರು ಹಚ್ಚುವುದಕ್ಕೆ ಫೋಟೊ ಸಾಕು, ಕೊಂದು ಸೂಜಿ ಚುಚ್ಚುವುದು ಬೇಡ. ನೇರ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಜೊತೆಗೆ ಸಣ್ಣ ಸ್ಕೇಲು. ಬಂದ ಗಂಟೆಯನ್ನು ಬರೆದಿಡಲಿ, ಹೆಚ್ಚಿನವರ ಟಿಪ್ಪಣಿಯಲ್ಲಿ ಇಲ್ಲದ್ದು ಅದೇ. ಮಾತ್ಸ್ ಆಫ್ ಇಂಡಿಯಾ ಜಾಲತಾಣದಲ್ಲಿ ಹೋಲಿಸಿ ನೋಡಬಹುದು, ಐನ್ಯಾಚುರಲಿಸ್ಟ್‌ಗೆ ಹಾಕಿದರೆ ಬಲ್ಲವರು ಹೇಳುತ್ತಾರೆ. ಎಷ್ಟೋ ಪತಂಗಗಳನ್ನು ಫೋಟೊದಿಂದ ಕುಲದ ಮಟ್ಟಕ್ಕೆ ಮಾತ್ರ ಹೇಳಲು ಸಾಧ್ಯ, ಒಳಗಿನ ಅಂಗ ನೋಡದೆ ಮುಂದೆ ಹೋಗಲಾಗುವುದಿಲ್ಲ. ಅದು ಸೋಲಲ್ಲ. ಭಾರತದ ಪತಂಗಗಳ ಬಗ್ಗೆ 1892ರಿಂದ 1896ರ ನಡುವೆ ನಾಲ್ಕು ಸಂಪುಟ ಬರೆದ ಜಾರ್ಜ್ ಹ್ಯಾಂಪ್ಸನ್ ನೀಲಗಿರಿಯಲ್ಲಿ ಚಹಾ ತೋಟ ಮಾಡಲು ಬಂದವರು. ತೋಟದವರ ಮಗಳಿಗೆ ಇದನ್ನು ಹೇಳಿ, ಖುಷಿಯಾದೀತು.

ಕೊನೆಯ ಅನುಮಾನ, ಮೆಕ್ಕೆಜೋಳದ ಹುಳು. ನಿಮ್ಮ ಭಯಕ್ಕೆ ಕಾರಣ ಇದೆ. ಅಮೆರಿಕ ಮೂಲದ ಫಾಲ್ ಆರ್ಮಿವರ್ಮ್ ಭಾರತದಲ್ಲಿ ಮೊದಲು ಕಂಡದ್ದು ನಿಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ, 2018ರ ಮೇ ತಿಂಗಳಲ್ಲಿ. ಅದರ ಪತಂಗ ಒಂದೇ ರಾತ್ರಿ ಬಹಳ ದೂರ ಹಾರಬಲ್ಲದು, ಆದರೆ ಅದು ಹುಡುಕಿ ಹೋಗುವುದು ಜೋಳದ ಎಲೆಯನ್ನು. ಹತ್ತಾರು ಮೀಟರಿನ ಆಚೆಗೆ ನಿಮ್ಮ ದೀಪದ ಸೆಳೆತ ಕೆಲಸ ಮಾಡುವುದಿಲ್ಲ. ತಿಂಗಳಿಗೊಂದು ರಾತ್ರಿಯ ದೀಪ ಯಾರ ಹೊಲದ ಹುಳುವನ್ನೂ ಅಡಿಕೆ ತೋಟಕ್ಕೆ ತರುವುದಿಲ್ಲ. ಅಡಿಕೆಯ ಹಿಂಗಾರ ತಿನ್ನುವ ಹುಳುವೂ ಒಂದು ಸಣ್ಣ ಪತಂಗದ ಮರಿ, ಅದು ಬಟ್ಟೆಯ ಮೇಲೆ ಕಂಡರೆ ಮೊದಲೇ ತೋಟದಲ್ಲಿ ಇತ್ತು ಎಂದೇ ಅರ್ಥ. ಮೊದಲ ಮಳೆಯ ಸಂಜೆ ಮಣ್ಣಿನಿಂದ ಏಳುವ ಬೇರುಹುಳುವಿನ ದುಂಬಿಯದೂ ಅದೇ ಕತೆ. ಅಂಥವು ಜಾಸ್ತಿ ಕಂಡರೆ ಫೋಟೊ, ತಾರೀಕು ಹಿಡಿದು ರೈತ ಸಂಪರ್ಕ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ತೋರಿಸಿ. ಮಗಳ ಪಟ್ಟಿ ಆಗ ನಿಮ್ಮ ಕೆಲಸಕ್ಕೂ ಬರುತ್ತದೆ.